ಪರ-ವಿರೋಧ: ವಿದೇಶಿ ಅತಿಥಿಗೆ ಹಂಪಿಯೋ, ಬಳ್ಳಿಗಾವಿಯೋ?

ಹೊರದೇಶದಿಂದ ಬರುವವರಿಗೆ ಕರ್ನಾಟಕದಲ್ಲಿ ಆರೇ ದಿನ ಇದೆ ಎಂದುಕೊಳ್ಳಿ. ನಗರಗಳ ಥಳಕು ಬೇಡ, ಹಳೆಯ ಕನ್ನಡ ಸಂಸ್ಕೃತಿ ನೋಡಬೇಕು ಎನ್ನುತ್ತಾರೆ. ಮೈಸೂರು, ಬೇಲೂರು, ಹಂಪಿ ಎಂಬ ರೂಢಿಯ ಪಟ್ಟಿಯಿಂದ ಎರಡು ದಿನ ತೆಗೆದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೆ ಕೊಡಬೇಕೆ?

ಪರ: ಮೂಲವನ್ನೇ ತೋರಿಸೋಣ

ಅಮೆರಿಕದ ಹಳೆಯ ಸಂಗೀತ ಹುಡುಕಿ ಹೋದವರು ನ್ಯೂಯಾರ್ಕ್ ನೋಡಿ ಮರಳುವುದಿಲ್ಲ; ಜಾಝ್ ಹುಟ್ಟಿದ ನ್ಯೂ ಆರ್ಲಿಯನ್ಸಿಗೆ ಹೋಗುತ್ತಾರೆ. ಕನ್ನಡ ನೆಲದ ಮೊದಲ ಅರಸುಮನೆಯ ಕಥೆ ಕೇಳಬೇಕಾದವರು ಹಾಗೆಯೇ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಬರಬೇಕು. ಪ್ರಣವೇಶ್ವರ ಗುಡಿಯ ಮುಂದಿನ ಕಲ್ಲುಕಂಬದಲ್ಲಿ ಐದನೇ ಶತಮಾನದ ಕವಿ ಕುಬ್ಜ ಆ ಕಥೆ ಹೇಳಿದ್ದಾನೆ. ಗುರುವಿನೊಡನೆ ಕಂಚಿಗೆ ಓದಲು ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ದರ್ಭೆ ಹಿಡಿದಿದ್ದ ಕೈಯಲ್ಲಿ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ. ಇದೇ ಗುಡಿಯ ಬಳಿ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರದೆಂದು ಗುರುತಿಸಿದ ಮೇಲೆ, ಕನ್ನಡದ ಮೊದಲ ಬರಹದ ಚರ್ಚೆಯಲ್ಲಿ ಹಲ್ಮಿಡಿಯ ಪಕ್ಕದಲ್ಲೇ ತಾಳಗುಂದದ ಹೆಸರೂ ಬರುತ್ತಿದೆ.

ಹತ್ತಿರದಲ್ಲೇ ಬಳ್ಳಿಗಾವಿ. ಅಲ್ಲಿನ ಕೇದಾರೇಶ್ವರ ಗುಡಿಗೆ ಸೇರಿದ್ದ ಕೋಡಿಯ ಮಠವನ್ನು 1162ರ ಶಾಸನ ವರ್ಣಿಸುವ ಪರಿ ಕೇಳಿದರೆ ಯಾರಿಗೂ ಮೈ ನವಿರೇಳುತ್ತದೆ. ವೇದ, ವ್ಯಾಕರಣ, ಹಲವು ದರ್ಶನಗಳ ಪಾಠ ಅಲ್ಲಿತ್ತು. ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುತ್ತಿತ್ತು. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳೆಲ್ಲ ಇದ್ದ ಊರು ಅದು. ಅಲ್ಲಮಪ್ರಭು ಹುಟ್ಟಿದ್ದು ಬಳ್ಳಿಗಾವಿಯಲ್ಲಿ, ಅಕ್ಕಮಹಾದೇವಿ ಹುಟ್ಟಿದ್ದು ಸಮೀಪದ ಉಡುತಡಿಯಲ್ಲಿ ಎಂದು ನಾಡು ನಂಬಿಕೊಂಡು ಬಂದಿದೆ. ವಚನ ಓದಿ ಬಂದ ವಿದೇಶಿಗೆ ಇದಕ್ಕಿಂತ ದೊಡ್ಡ ಯಾತ್ರೆ ಯಾವುದು?

ಎರಡನೇ ದಿನ ಸೊರಬಕ್ಕಿರಲಿ. ಆನವಟ್ಟಿಯ ಬಳಿ ಕುಬಟೂರಿನ ಕೈಟಭೇಶ್ವರ, ಮಳೆಗಾಲವಾದರೆ ಬೆಳ್ಳಕ್ಕಿ, ಕೆಂಬರಲುಗಳು ಗೂಡು ಕಟ್ಟುವ ಗುಡವಿ, ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಕೈಕೆಲಸ, ಸಂಜೆಗೆ ಪಕ್ಕದ ಬನವಾಸಿಯ ಮಧುಕೇಶ್ವರ. ಭೂಮಿ ಹುಣ್ಣಿಮೆಯ ಹೊತ್ತಾದರೆ ದೀವರ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದು, ತುಂಬಿದ ಪೈರಿಗೆ ಬಯಕೆಯೂಟ ಒಯ್ಯುವುದನ್ನು ಕಾಣಬಹುದು. ಹಂಪಿಯಲ್ಲಿ ಅತಿಥಿ ನೋಡುವುದು ಆಗಿಹೋದ ವೈಭವ. ಇಲ್ಲಿ ಸಿಗುವುದು ಇವತ್ತಿಗೂ ನಡೆಯುತ್ತಿರುವ ಬಾಳು. ಇತಿಹಾಸ ಬಲ್ಲ ಊರಿನ ಮೇಷ್ಟ್ರೊಬ್ಬರನ್ನು ಜೊತೆಗೆ ಕರೆದುಕೊಂಡರೆ ಕಲ್ಲುಗಳೆಲ್ಲ ಮಾತಾಡುತ್ತವೆ.

ವಿರೋಧ: ಮೊದಲ ಭೇಟಿಗೆ ಇದು ತಕ್ಕ ಜಾಗವಲ್ಲ

ಈ ಎರಡು ತಾಲ್ಲೂಕುಗಳ ಹಿರಿಮೆಯಲ್ಲಿ ತಕರಾರಿಲ್ಲ. ಆದರೆ ಆರು ದಿನದ ಅತಿಥಿಗೆ ದಾರಿಯ ಲೆಕ್ಕವೂ ಮುಖ್ಯ. ಬೆಂಗಳೂರಿನಿಂದ ಶಿವಮೊಗ್ಗಕ್ಕೇ ಸುಮಾರು 300 ಕಿಲೋಮೀಟರ್. 2023ರಲ್ಲಿ ವಿಮಾನ ನಿಲ್ದಾಣ ಬಂದರೂ ಅಲ್ಲಿಂದ ಶಿಕಾರಿಪುರಕ್ಕೆ ರಸ್ತೆಯೇ ಗತಿ. ನೋಡುವ ಎರಡು ದಿನಕ್ಕೆ ಹೋಗಿಬರುವ ಹೊತ್ತೂ ಸೇರಿದರೆ ಬೇಲೂರೋ ಹಂಪಿಯೋ ಕೈಬಿಡಬೇಕಾಗುತ್ತದೆ. 1986ರಲ್ಲಿ ಹಂಪಿ, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಬದುಕಿನಲ್ಲಿ ಒಮ್ಮೆ ಬರುವವರಿಗೆ ಅವನ್ನು ತಪ್ಪಿಸುವುದು ನ್ಯಾಯವಲ್ಲ.

ಇನ್ನು ನೋಟದ ಪ್ರಶ್ನೆ. ಬೇಲೂರಿನ ಮದನಿಕೆಯ ಮುಂದೆ ನಿಂತವರಿಗೆ ಏನೂ ಗೊತ್ತಿಲ್ಲದಿದ್ದರೂ ಬೆರಗಾಗುತ್ತದೆ. ತಾಳಗುಂದದ ಕಂಬದಲ್ಲಿರುವುದು ಹಳೆಯ ಲಿಪಿ, ಸಂಸ್ಕೃತ ಪದ್ಯ. ಅದು ನಮ್ಮಲ್ಲೇ ಎಷ್ಟೋ ಜನಕ್ಕೆ ಬರೀ ಗೀರು. ಶಾಸನತಜ್ಞ ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳು, ಎಂಟನೇ ಸಂಪುಟಗಳಲ್ಲಿ ಈ ಸೀಮೆಯ ಶಾಸನಗಳನ್ನು ಅಚ್ಚು ಹಾಕಿಸಿದರು. ಆ ಅರಿವು ಗ್ರಂಥಾಲಯದಲ್ಲಿದೆ, ಗುಡಿಯ ಬಾಗಿಲಲ್ಲಿಲ್ಲ. ಒಬ್ಬ ಮೇಷ್ಟ್ರು ಒಂದು ತಂಡಕ್ಕೆ ಆದಾರು, ವರ್ಷವಿಡೀ ಬರುವವರಿಗೆ ಆಗಲಾರರು. ನ್ಯೂ ಆರ್ಲಿಯನ್ಸಿನಲ್ಲಿ ಹಳೆಯ ಜಾಝ್ ಕೇಳಿಸಲೆಂದೇ 1961ರಿಂದ ಪ್ರಿಸರ್ವೇಷನ್ ಹಾಲ್ ನಡೆಯುತ್ತಿದೆ. ಅಂಥ ಏರ್ಪಾಡಿಲ್ಲದ ಕಡೆ ಹುಟ್ಟೂರು ಎಂಬ ಹೆಮ್ಮೆಯೊಂದರಿಂದ ಅತಿಥಿಯ ಕಿವಿ ತುಂಬುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಊರಿನವರದು. ಸೊರಬದ ಚಂದ್ರಗುತ್ತಿಯನ್ನು ಮರೆಯಬಾರದು. ರೇಣುಕಾಂಬೆಯ ಜಾತ್ರೆಯ ಬೆತ್ತಲೆ ಸೇವೆ ನಿಲ್ಲಲೇಬೇಕಾದ ಪದ್ಧತಿಯಾಗಿತ್ತು. ಆ ಸೇವೆಯ ವಿಚಾರವಾಗಿ 1986ರಲ್ಲಿ ಜಾತ್ರೆಯಲ್ಲಿ ನಡೆದ ಗಲಭೆಯ ಬಳಿಕ ಸರ್ಕಾರ ಅದನ್ನು ನಿಷೇಧಿಸಿತು. ಆದರೆ ಹರಕೆ ಹೊತ್ತ ಬಡ ಹೆಂಗಸರು ಕ್ಯಾಮೆರಾದವರಿಗೂ ನೋಡಬಂದವರಿಗೂ ನೋಟವಾಗಿಹೋಗಿದ್ದರು ಎಂಬುದೂ ಆ ನೋವಿನ ಒಂದು ಪಾಲು. ಭೂಮಿ ಹುಣ್ಣಿಮೆ ಬೇರೆ, ಅದು ಸಂತಸದ ಹಬ್ಬ. ಆದರೂ ಅದು ಮನೆಯವರು ಗದ್ದೆಯಲ್ಲಿ ಕೂತು ಉಣ್ಣುವ ಹಬ್ಬ. ಪ್ರವಾಸದ ವೇಳಾಪಟ್ಟಿಗೆ ಸೇರಿಸುವ ಮುಂಚೆ ಆ ಮನೆಯವರನ್ನು ಕೇಳಬೇಡವೇ? ನಡೆಯುತ್ತಿರುವ ಬಾಳು ಎಂಬ ಕಾರಣಕ್ಕೇ ಇಲ್ಲಿ ಹೆಚ್ಚು ಎಚ್ಚರ ಬೇಕು. ಹಂಪಿಯ ಕಲ್ಲುರಥಕ್ಕೆ ಈ ಸಂಕೋಚವಿಲ್ಲ.

ಮೊದಲ ಸಲ ಮೈಸೂರು, ಬೇಲೂರು, ಹಂಪಿ ನೋಡಲಿ. ಮನಸ್ಸು ತುಂಬಿದವರು ಇನ್ನಷ್ಟು ಓದಿಕೊಂಡು, ಬಿಡುವು ಮಾಡಿಕೊಂಡು ಇಲ್ಲಿಗೆ ಮರಳಿ ಬರಲಿ. ಅಷ್ಟರಲ್ಲಿ ಶಿರಾಳಕೊಪ್ಪ, ಆನವಟ್ಟಿಯ ಹುಡುಗ ಹುಡುಗಿಯರಿಗೆ ಶಾಸನ ಓದಲು ಕಲಿಸಬೇಕು, ಅದರಿಂದ ಅವರಿಗೆ ಸಂಬಳ ಸಿಗುವಂತೆ ಮಾಡಬೇಕು. ಆ ಕೆಲಸ ಆಗುವ ಮುನ್ನ ಜನರನ್ನು ಕರೆತಂದರೆ ಅತಿಥಿಗಿಂತ ಹೆಚ್ಚು ನಷ್ಟ ಊರಿಗೇ.