ಟೋಪಿ ಅವರದು, ಭಾನಾಮತಿ ನಮ್ಮದು

ಅಕ್ಟೋಬರ್ ಮುಗಿಯೋ ಹೊತ್ತಿಗೆ ಪ್ರತಿ ವರ್ಷ ಒಂದು ಜಗಳ ಶುರುವಾಗ್ತದ. ಯಾವುದೋ ಇಂಗ್ಲಿಷ್ ಮೀಡಿಯಂ ಸಾಲಿಯವರು ಮಕ್ಕಳ ತಲಿಗೆ ಚೂಪು ಕರಿ ಟೋಪಿ ಹಾಕಿ, ಕೈಯಾಗ ಕಸಬರಿಗಿ ಕೊಟ್ಟು, ಹ್ಯಾಲೋವೀನ್ ಅಂತ ಫೋಟೋ ಹೊಡೀತಾರ. ‘ಇದು ನಮ್ಮ ಸಂಸ್ಕೃತಿ ಅಲ್ಲ’ ಅಂತ ಒಂದು ಗುಂಪು ಎದ್ದು ನಿಲ್ತದ. ‘ಬರೇ ಮಜಾ ರೀ, ಬಿಡ್ರಿ’ ಅಂತ ಇನ್ನೊಂದು ಗುಂಪು.

ಮೊದಲನೇ ಗುಂಪಿಗೆ ನನ್ನದೊಂದು ಪ್ರಶ್ನೆ. ಟೋಪಿ ನಮ್ಮದಲ್ಲ, ಒಪ್ಪಿದೆ. ಮಾಟಗಾತಿ ಯಾರ ಕಡೆಯಾಕಿ?

ಬೀದರ್, ಭಾಲ್ಕಿ, ಔರಾದ್ ಕಡೆ ಹುಟ್ಟಿ ಬೆಳೆದವರಿಗೆ ಭಾನಾಮತಿ ಅಂದ್ರೇನು ಅಂತ ಬಿಡಿಸಿ ಹೇಳೋದು ಬ್ಯಾಡ. ಒಣಹಾಕಿದ ಸೀರಿಗೆ ತಾನಾಗೇ ಬೆಂಕಿ ಹತ್ತಿತು, ಮನಿ ಮ್ಯಾಲೆ ರಾತ್ರಿ ಕಲ್ಲು ಬಿದ್ದವು, ಸೊಸಿ ನಾಯಿ ಹಂಗ ಬೊಗಳಿದಳು, ಎಮ್ಮಿ ಹಾಲು ಕೊಡೋದು ನಿಲ್ಲಿಸ್ತು. ಎಲ್ಲದಕ್ಕೂ ಒಂದೇ ಉತ್ತರ. ಗಡಿಯಾಚೆ ಮರಾಠಿಯೊಳಗೂ ಭಾನಾಮತಿ, ತೆಲುಗಿನೊಳಗೂ ಬಾಣಾಮತಿ. ನೀರಿಗೆ, ಬಸ್ಸಿಗೆ, ಬೋರ್ಡಿಗೆ ಗಡಿ ಅದ. ಈ ಶಬ್ದಕ್ಕ ಮಾತ್ರ ಇಲ್ಲ.

ಉತ್ತರ ಸಿಕ್ಕ ಕೂಡಲೇ ಮುಂದಿನ ಪ್ರಶ್ನೆ: ಯಾರು ಮಾಡ್ಯಾರ? ಇದಕ್ಕ ಊರಗೌಡನ ಹೆಸರು ಬಂದದ್ದು ನಾನಂತೂ ಕೇಳಿಲ್ಲ. ಸಾಲ ಕೊಟ್ಟವನ ಹೆಸರೂ ಬರೋದಿಲ್ಲ. ಬರೋದು ಗಂಡ ಸತ್ತಾಕಿಯ ಹೆಸರು, ಮಕ್ಕಳಿಲ್ಲದಾಕಿಯ ಹೆಸರು, ಒಬ್ಬಾಕಿನೇ ಇರಾಕಿಯ ಹೆಸರು, ಭಾವ ಮೈದುನರ ಕಣ್ಣು ಬಿದ್ದ ಎರಡೆಕರೆ ಹೊಲ ಇದ್ದಾಕಿಯ ಹೆಸರು.

ನಾನು ಸಣ್ಣವನಿದ್ದಾಗ ಭಾಲ್ಕಿ ತಾಲೂಕಿನ ನಮ್ಮೂರಾಗ ಅಂಥ ಒಬ್ಬ ಆಯಿ ಇದ್ದಳು. ಆಕಿಗೆ ಯಾರೂ ಹೊಡೀಲಿಲ್ಲ, ಬಡೀಲಿಲ್ಲ. ಹೊಟ್ಟೀಲೆ ಇದ್ದ ಹೆಣ್ಮಕ್ಕಳು ಆಕಿ ಮನಿ ಮುಂದ ಹಾಯ್ತಿರಲಿಲ್ಲ, ಅಷ್ಟೇ. ಆಕಿ ಮಜ್ಜಿಗಿ ಕೊಟ್ಟರೆ ಯಾರೂ ತಗೋತಿರಲಿಲ್ಲ, ಅಷ್ಟೇ. ಮದುವಿ ಮನಿಯೊಳಗ ಆಕಿ ಕುಂತ ಸಾಲು ಖಾಲಿ ಇರ್ತಿತ್ತು, ಅಷ್ಟೇ. ಒಂದು ಜೀವಮಾನ ಈ ‘ಅಷ್ಟೇ’ದೊಳಗ ಮುಗೀತು. ಇದಕ್ಕ ಯಾವ ಠಾಣೆಯೊಳಗ ಕೇಸ್ ಹಾಕೋದು?

ಈಗ ‘ಬರೇ ಮಜಾ’ ಗುಂಪಿನ ಕಡೆ ಬರೋಣ. ಅಮೆರಿಕದ ಸೇಲಂ ಎಂಬ ಊರಿನಲ್ಲಿ 1692ರಲ್ಲಿ ಮಾಟದ ಆರೋಪ ಹೊರಿಸಿ 19 ಮಂದಿಯನ್ನು ಗಲ್ಲಿಗೆ ಹಾಕಿದರು. ಅವರಲ್ಲಿ 14 ಮಂದಿ ಹೆಂಗಸರು. ಇವತ್ತು ಅದೇ ಊರಿಗೆ ಅಕ್ಟೋಬರಿನಲ್ಲಿ ಪ್ರವಾಸಿಗರು ಟೋಪಿ ಹಾಕಿಕೊಂಡು ಹೋಗ್ತಾರ. ಆದರೆ ನಡುವೆ ಆದದ್ದನ್ನೂ ನೋಡ್ರಿ. ತೀರ್ಪು ತಪ್ಪು ಅಂತ ಒಪ್ಪಿಕೊಂಡರು, ಸತ್ತವರ ಹೆಸರಿಗೆ ಅಂಟಿದ ಕಳಂಕ ಒರೆಸಿದರು. ಉಳಿದಿದ್ದ ಕೊನೆಯ ಹೆಸರನ್ನು ದೋಷಮುಕ್ತ ಮಾಡಿದ್ದು 2022ರಲ್ಲಿ. ಲೆಕ್ಕ ಚುಕ್ತಾ ಮಾಡಿದ ಮ್ಯಾಲೆ ಅವರು ನಕ್ಕರೆ ನಗಲಿ. ನಮ್ಮ ಲೆಕ್ಕ ಇನ್ನೂ ನಡದದ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಕೊಲೆಯ ಕಾರಣಗಳ ಪಟ್ಟಿಯಲ್ಲಿ ‘ವಾಮಾಚಾರ’ ಅಂತ ಒಂದು ಸಾಲು ಇಟ್ಟಿದೆ. 2022ರಲ್ಲಿ ದೇಶದಾದ್ಯಂತ ಆ ಸಾಲಿನಲ್ಲಿ ಸೇರಿದ್ದು 85 ಜೀವ.

ನಮ್ಮ ಸಿನಿಮಾ, ಹಾಡು ಏನು ಮಾಡಿವೆ? 2004ರ ‘ಆಪ್ತಮಿತ್ರ’ ನೋಡದ ಕನ್ನಡಿಗ ಸಿಗೋದು ಕಷ್ಟ. ನಾಗವಲ್ಲಿ ಒಬ್ಬ ನರ್ತಕಿ. ರಾಜ ಆಕೆಯ ಪ್ರಿಯಕರನನ್ನ ಕೊಂದ, ಆಕೆಯನ್ನೂ ಕೊಂದ. ಕೊಲೆಗಾರ ರಾಜ. ಆದರೆ ಥಿಯೇಟರಿನೊಳಗ ನಾವು ಅಂಜಿದ್ದು ಯಾರಿಗೆ? ನಾಗವಲ್ಲಿಗೆ. ರಾಜನ ‘ಹೌಲಾ ಹೌಲಾ’ಕ್ಕ ಸೀಟಿ ಹೊಡೆದೆವು. ಕಥೆಯೊಳಗ ಮನೋವೈದ್ಯ ಇದ್ದಾನ, ಕಾಯಿಲೆ ಮನಸ್ಸಿನದು ಅಂತ ಬಿಡಿಸಿಯೂ ಹೇಳ್ತಾನ. ಆ ಮಾತು ಯಾರಿಗೂ ನೆನಪಿಲ್ಲ. ‘ರಾ ರಾ’ ಹಾಡು ಮಾತ್ರ ಎಲ್ಲರಿಗೂ ಬಾಯಿಪಾಠ.

ಬೆಂಗಳೂರಿನ ಗೋಡೆಗಳ ಮೇಲೆ 1990ರ ದಶಕದಲ್ಲಿ ಬರೆದ ‘ನಾಳೆ ಬಾ’ ಹಿಂದಿಗೆ ಹೋಗಿ 2018ರಲ್ಲಿ ‘ಸ್ತ್ರೀ’ ಆಯಿತು. ಅಲ್ಲೂ ಅದೇ ಕಥೆ. ಊರವರೇ ಕೊಂದ ಹೆಣ್ಣು, ಊರಿಗೇ ದೆವ್ವ. ಆ ಸಿನಿಮಾ ಕಡೀಕ ಆಕೆಗೆ ಮರ್ಯಾದೆ ಕೊಡಬೇಕು ಅನ್ನೋ ಮಾತಾಡ್ತದ, ಇಲ್ಲ ಅನ್ನೋದಿಲ್ಲ. ಆದರೆ 2024ರ ಎರಡನೇ ಭಾಗದಿಂದ ನಮ್ಮ ಮೆರವಣಿಗೆಯ ಡಿಜೆಗೆ ಬಂದದ್ದು ಆ ಮರ್ಯಾದೆ ಅಲ್ಲ, ‘ಆಜ್ ಕೀ ರಾತ್’ ಕುಣಿತ.

‘ಸಿನಿಮಾ ನೋಡಿ ಯಾರೂ ಹೊಡಿಯಾಕ ಹೋಗೋದಿಲ್ಲ’ ಅಂತೀರಿ. ಖರೇ ಅದ. ಸಿನಿಮಾ ಆರೋಪ ಹುಟ್ಟಿಸೋದಿಲ್ಲ. ಆರೋಪಕ್ಕ ಮಾರಿ ಕೊಡ್ತದ. ಬಿಚ್ಚಿದ ಕೂದಲು, ಗೆಜ್ಜೆ ಸಪ್ಪಳ, ರಾತ್ರಿ ಒಬ್ಬಾಕಿನೇ ಹೋಗೋ ಹೆಣ್ಣು. ಇಷ್ಟು ಸಾಕು, ಉಳಿದದ್ದನ್ನ ಊರು ತಾನೇ ತುಂಬಿಕೊಳ್ತದ. ಗಂಡಸು ಖಳನಾಯಕ ಆಗಬೇಕಾದ್ರ ಒಂದು ಕಾರಣ ಬೇಕು. ಹೆಣ್ಣು ಮಾಟಗಾತಿ ಆಗಾಕ ಒಂದು ಗುಸುಗುಸು ಸಾಕು.

ಗುಸುಗುಸು ಎಲ್ಲಿಗೆ ಮುಟ್ಟಬಹುದು ಅನ್ನೋದನ್ನ ನಮ್ಮ ಜಿಲ್ಲೆ ಕಣ್ಣಾರೆ ಕಂಡದ. 2018ರ ಜುಲೈ 13. ಆಗಿನ ಔರಾದ್ ತಾಲೂಕಿನ ಮುರ್ಕಿ. ಈ ಕಡೆ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ‘ಮಕ್ಕಳ ಕಳ್ಳರು’ ಅಂತ ವಾಟ್ಸ್ಯಾಪಿನಲ್ಲಿ ಸುದ್ದಿ ಹಾರಿತು. ಬಿಡಿಸಲು ಬಂದ ಪೊಲೀಸರಿಗೂ ಏಟು ಬಿದ್ದವು. ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತೇಹೋದ. ಅಲ್ಲಿ ಮಾಟದ ಮಾತಿರಲಿಲ್ಲ. ಆದರೆ ಯಂತ್ರ ಅದೇ: ಗುರುತಿಲ್ಲದವರಿಗೆ ಒಂದು ಹೆಸರು ಇಡು, ಹೆಸರಿಟ್ಟ ಮ್ಯಾಲೆ ವಿಚಾರಣೆ ಬ್ಯಾಡ. ‘ಸ್ತ್ರೀ’ ಬಿಡುಗಡೆಯಾದದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಗುಂಪು ಒಬ್ಬಾಕಿಯನ್ನ ಕೊಂದ ಕಥೆಗೆ ನಾವು ಪಾಪ್‌ಕಾರ್ನ್ ತಿಂತಾ ನಕ್ಕೆವು.

ಕಾನೂನು ಇಲ್ಲ ಅನ್ನೋಹಂಗಿಲ್ಲ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದ ಮೇಲೆ ಮಹಾರಾಷ್ಟ್ರ ಕಾನೂನು ತಂದಿತು. ನಮ್ಮಲ್ಲಿ 2017ರಲ್ಲಿ ಒಪ್ಪಿಗೆಯಾದ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸ್ತೀನಿ ಅಂತ ಕಟ್ಟಿಹಾಕಿ ಹೊಡೆಯೋದು, ಮೆಣಸಿನಕಾಯಿ ಹೊಗೆ ಹಾಕೋದು, ಬೆತ್ತಲೆ ಮೆರವಣಿಗೆ ಮಾಡೋದು ಅಪರಾಧ. ಒಂದರಿಂದ ಏಳು ವರ್ಷ ಜೈಲು. ಹ್ಯಾಲೋವೀನ್ ಬ್ಯಾಡ ಅಂತ ಸಾಲಿ ಮುಂದ ನಿಲ್ಲೋರು, ಈ ಕಾಯ್ದೆ ಓದಿಸಾಕ ಒಂದು ದಿನ ಯಾವುದಾದರೂ ಹಳ್ಳಿಯ ಕಟ್ಟೆ ಮುಂದ ನಿಂತಿದ್ದು ಉಂಟಾ?

ಸಂಸ್ಕೃತಿ ಅಂತೀರಲ್ಲ, ಅದನ್ನೂ ನೋಡೋಣ. ಬಸವಕಲ್ಯಾಣ ಇದೇ ಜಿಲ್ಲೆಯದು. ಗಂಡನ ಮನೆ ಬಿಟ್ಟು, ಉಟ್ಟ ಬಟ್ಟೆ ಬಿಟ್ಟು, ಕೂದಲೇ ಮೈಗೆ ಹೊದ್ದು ಒಬ್ಬಳೇ ನಡೆದು ಬಂದ ಹೆಣ್ಣುಮಗಳನ್ನ ಹನ್ನೆರಡನೇ ಶತಮಾನದ ಕಲ್ಯಾಣ ಏನಂತ ಕರೀತು? ಅಲ್ಲಮ ಕಠಿಣ ಪ್ರಶ್ನೆ ಕೇಳಿದ, ಆಕೆ ಉತ್ತರ ಕೊಟ್ಟಳು, ಶರಣರು ‘ಅಕ್ಕ’ ಅಂದರು. ಅದೇ ಮಹಾದೇವಿ ಇವತ್ತು ಹಂಗೇ ನಮ್ಮ ಹಳ್ಳಿಗೆ ಸಂಜೀಮುಂದ ನಡೆದು ಬಂದರೆ ಬಾಗಿಲು ಎಷ್ಟು ತೆರೀತಾವ, ಮೊಬೈಲ್ ಎಷ್ಟು ಮೇಲೇಳ್ತಾವ, ನೀವೇ ಎಣಿಸಿ ಹೇಳ್ರಿ.

ನನಗ ಟೋಪಿ ಮ್ಯಾಲೆ ಸಿಟ್ಟಿಲ್ಲ. ಮಕ್ಕಳು ಹಾಕ್ಕೊಳ್ಳಲಿ, ಕುಣೀಲಿ. ಅಂಜಿಸೋ ಸಿನಿಮಾನೂ ಬರಲಿ, ನಾನೂ ನೋಡ್ತೀನಿ. ಕೇಳೋದು ಇಷ್ಟು: ಟೋಪಿ ಹಾಕಿಸಿದ ಮಾಸ್ತರರು ಅದೇ ದಿನ ಮಕ್ಕಳಿಗೆ ಸೇಲಂ ಕಥಿ ಹೇಳಲಿ, ಭಾನಾಮತಿ ಕಥಿನೂ ಹೇಳಲಿ. ಮೈಮ್ಯಾಲೆ ಬಂತು ಅಂತ ಮಂತ್ರವಾದಿಯ ಹತ್ರ ಎಳಕೊಂಡು ಹೋಗೋ ಸೊಸಿಗೆ ಸರ್ಕಾರಿ ದವಾಖಾನಿಯ ಮನೋವೈದ್ಯರನ್ನ ತೋರಿಸ್ರಿ. 14416ಕ್ಕೆ ಫೋನ್ ಹಚ್ಚಿದರ ಟೆಲಿಮಾನಸ್‌ನವರು ಪುಕ್ಕಟೆ ಮಾತಾಡ್ತಾರ, ಕನ್ನಡದಾಗ. ಮತ್ತ ನಿಮ್ಮ ಓಣಿಯೊಳಗ ಅಂಥ ಒಬ್ಬ ಆಯಿ ಇದ್ದರೆ, ಈ ದೀಪಾವಳಿಗೆ ಆಕಿ ಮನಿಗೆ ಹೋಗಿ ಕುಂತು ಒಂದು ಕಪ್ ಚಹಾ ಕುಡೀರಿ. ನಾಕು ಮಂದಿ ನೋಡೋಹಂಗ, ಹೊರಗ ಕಟ್ಟಿ ಮ್ಯಾಲೆ ಕುಂತು ಕುಡೀರಿ.