ಜೀರೋ ಟಿಕೆಟ್ ಲೆಕ್ಕದಾಗ ಸಿಗದ ಪ್ರಯಾಣಿಕರು

ಹತ್ತಿಕುಣಿ: ಈ ಭಾಗದ ಜನ ಯಾದಗಿರಿಗೆ ಹೋಗಲು ಕಾರಣ ಹುಡುಕಬೇಕಾಗಿಲ್ಲ. ತಹಶೀಲ್ದಾರ್ ಕಚೇರಿ, ಜಿಲ್ಲಾಸ್ಪತ್ರೆ, ಕಾಲೇಜು, ರೈಲ್ವೆ ಸ್ಟೇಷನ್, ಅಂಗಡಿಗೆ ಬೇಕಾದ ಹೋಲ್‌ಸೇಲ್ ಮಾಲು ಎಲ್ಲವೂ ಅಲ್ಲೇ. ಆದರೆ ಸಾರಿಗೆ ನೀತಿಯ ಚರ್ಚೆ ಬಂದಾಗ ಇಂಥ ಊರಿನ ಹೆಸರೇ ಬರಂಗಿಲ್ಲ.

ವಾಹನಗಳಿಗಿಂತ ಜನರ ಓಡಾಟ ಮುಖ್ಯ ಎಂದು ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿತ್ತು. 2023ರಲ್ಲಿ ಕೇಂದ್ರ ಸರ್ಕಾರ 10,000 ಎಲೆಕ್ಟ್ರಿಕ್ ಬಸ್‌ಗಳ ಪಿಎಂ ಇ-ಬಸ್ ಸೇವಾ ಯೋಜನೆ ತಂದಿತು. ಅದು ಮುಖ್ಯವಾಗಿ 2011ರ ಜನಗಣತಿಯಂತೆ 3 ಲಕ್ಷ ದಾಟಿದ ನಗರಗಳಿಗೆ. ಯಾದಗಿರಿ ಪಟ್ಟಣದ ಲೆಕ್ಕ ಆಗ ಸುಮಾರು 74 ಸಾವಿರ. ಪಟ್ಟಣ ಸಣ್ಣದು ಖರೆ, ಆದರ ಸುತ್ತಲಿನ ಹಳ್ಳಿಗಳಿಂದ ದಿನಾ ಬಂದು ಹೋಗುವವರನ್ನು ಜನಗಣತಿ ಎಣಿಸಂಗಿಲ್ಲ.

ಉಳಿದದ್ದು ಕಲ್ಯಾಣ ಕರ್ನಾಟಕ ಸಾರಿಗೆಯ ಕೆಂಪು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಮಹಿಳೆಯರ ಉಚಿತ ಪ್ರಯಾಣ 500 ಕೋಟಿ ದಾಟಿತು. ಕೂಲಿಗೆ, ದವಾಖಾನೆಗೆ ಹೋಗುವ ಹೆಣ್ಮಕ್ಕಳಿಗೆ ಅದು ಕೈಯಲ್ಲುಳಿದ ರೊಕ್ಕ. ಗಂಡಸರಿಗೆ ಮಾತ್ರ 2025ರ ಜನವರಿ 5ರಿಂದ ದರ ಶೇ 15 ಏರಿತು.

ಇಲ್ಲೊಂದು ಸೂಕ್ಷ್ಮ ಇದೆ. ಪ್ರತಿ ಜೀರೋ ಟಿಕೆಟ್‌ನಲ್ಲೂ ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ಎಂಬುದು ದಾಖಲಾಗುತ್ತದೆ. ಆ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ಹಣ ಕೊಡುವುದು. ಸಂಶೋಧಕರು ಲಕ್ಷಗಟ್ಟಲೆ ಖರ್ಚು ಮಾಡಿ ಸಂಗ್ರಹಿಸುವ ಮಾಹಿತಿ ಕಂಡಕ್ಟರ್ ಕೈಯಲ್ಲಿನ ಮಷಿನ್‌ನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಆದರೆ ಬಸ್ ಹತ್ತಿದವರ ಲೆಕ್ಕ ಅಷ್ಟೇ ಅದು. ಬಸ್ ತುಂಬಿ ಬಂದು ನಿಲ್ಲದೇ ಹೋದಾಗ ಸ್ಟಾಪಿನಲ್ಲೇ ಉಳಿದ ಹುಡುಗಿ, ಕಾದು ಬೇಸತ್ತು ಟಂಟಂ ಹತ್ತಿದ ಮುದುಕಿ ಯಾವ ಮಷಿನ್‌ನಲ್ಲೂ ಸಿಗಂಗಿಲ್ಲ. ಬಸ್ಸೇ ಇಲ್ಲದ ಹೊತ್ತಿನಲ್ಲಿ ಟಿಕೆಟ್ ಸೊನ್ನೆ. ಸೊನ್ನೆ ನೋಡಿ ‘ಬೇಡಿಕೆ ಇಲ್ಲ’ ಎಂದರೆ ಆ ಹೊತ್ತಿಗೆ ಬಸ್ ಬರುವುದಾದರೂ ಯಾವಾಗ?

ಆ ಖಾಲಿ ಜಾಗ ತುಂಬುವುದು ಟಂಟಂ, ಕ್ರೂಸರ್. ಅವರನ್ನು ಬೈದು ಉಪಯೋಗವಿಲ್ಲ, ಅವರಿಲ್ಲದಿದ್ದರ ಎಷ್ಟೋ ಮಂದಿ ನಡೆದೇ ಹೋಗಬೇಕು. ಆದರೆ ಅಲ್ಲಲ್ಲಿ ನಿಲ್ಲಿಸಿ ಜನ ಹತ್ತಿಸಿಕೊಳ್ಳುವ ಪರ್ಮಿಟ್ ಬೇರೆಯೇ. ಮಿತಿಮೀರಿ ಜನ ತುಂಬಿದ ಗಾಡಿ ಪಲ್ಟಿಯಾದರೆ ವಿಮೆ ತಕರಾರು ಅಲ್ಲಿಂದಲೇ ಶುರು.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಶಾಲೆ-ಕಾಲೇಜು ಇರುವ ಒಂದು ದಿನ, ಸಂತೆಯ ಒಂದು ದಿನ ಸ್ಟಾಪಿನಲ್ಲಿ ನಿಂತು ಹತ್ತಿದವರ ಜೊತೆ ಉಳಿದವರನ್ನೂ ಎಣಿಸಿದರೆ ಸಾಕು. ಗ್ರಾಮ ಪಂಚಾಯಿತಿ ಇದನ್ನು ಮಾಡಬಹುದು. ‘ಬಸ್ ಬಿಡ್ರಿ’ ಎಂಬ ಬರೀ ಮನವಿಗಿಂತ ಇಂಥ ಹೊತ್ತಿಗೆ ಇಷ್ಟು ಮಂದಿ ಎಂಬ ಹಾಳೆ ಡಿಪೊದಲ್ಲಿ ಹೆಚ್ಚು ತೂಗುತ್ತದೆ. ಎಣಿಕೆ ಸಂಜೆಯ ಕೊನೆ ಬಸ್ಸಿನಿಂದ ಶುರುವಾಗಲಿ. ಆ ಬಸ್ ಬಿಟ್ಟುಹೋದೀತೆಂದು ಕೊನೇ ತರಗತಿ ಬಿಟ್ಟು ಬರುವ ವಿದ್ಯಾರ್ಥಿನಿಯೂ, ಮಾಲು ಕಟ್ಟಿಸುವುದನ್ನು ಅರ್ಧಕ್ಕೇ ನಿಲ್ಲಿಸಿ ಓಡುವ ಅಂಗಡಿಕಾರನೂ ಕಾಯುವುದು ಅದೇ ಬಸ್ಸಿಗೆ.