ಲೆಕ್ಕಕ್ಕೂ ಉಂಟು ಆಕಾಂಕ್ಷೆ

ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಆವಶ್ಯಕವೆಂಬುದು ಶಾಸ್ತ್ರಕಾರರ ಮತ. ‘ದೇವದತ್ತನು ಗ್ರಾಮಕ್ಕೆ’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಕೇಳುವವನ ಕಿವಿ ಕ್ರಿಯಾಪದಕ್ಕಾಗಿ ಕಾಯುತ್ತದೆ. ಗಣಿತದ ಪ್ರಶ್ನೆಗೂ ಇಂಥದೇ ಆಕಾಂಕ್ಷೆಯುಂಟು. ಆದರೆ ಶಾಲೆಯ ಲೆಕ್ಕಗಳಲ್ಲಿ ಬೇಕಾದುದನ್ನೆಲ್ಲ ಅಳೆದು ತೂಗಿ ಕೊಟ್ಟಿರುವುದರಿಂದ, ಕೊಟ್ಟದ್ದು ಸಾಕೇ ಎಂದು ಮಕ್ಕಳು ಕೇಳುವ ಪ್ರಸಂಗವೇ ಒದಗುವುದಿಲ್ಲ. ಮುಂದೆ ಬ್ಯಾಂಕಿನ ನೇಮಕಾತಿ ಪರೀಕ್ಷೆಯಲ್ಲಿ, ಉತ್ತರ ಬೇಡ, ಈ ಹೇಳಿಕೆಗಳಿಂದ ಉತ್ತರ ದೊರೆಯುವುದೇ ಎಂಬುದನ್ನಷ್ಟೇ ಹೇಳೆಂಬ ಪ್ರಶ್ನೆ ಎದುರಾದಾಗ, ಮಲೆನಾಡಿನ ಬುದ್ಧಿವಂತ ಹುಡುಗನೂ ಸುಮ್ಮನೆ ಗುಣಿಸತೊಡಗುತ್ತಾನೆ.

ಇದು ಹೊಸ ವಿದ್ಯೆಯೇನೂ ಅಲ್ಲ. 9ನೆಯ ಶತಮಾನದಲ್ಲಿ, ನೃಪತುಂಗ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಬಾಳೆಹಣ್ಣಿನ ಲೆಕ್ಕವೊಂದಿದೆ. ಸಮನಾದ 63 ರಾಶಿಗಳು, ಬಿಡಿಹಣ್ಣು 7, ಅವನ್ನು 23 ಮಂದಿ ದಾರಿಹೋಕರು ಸಮಪಾಲು ಮಾಡಿಕೊಂಡರು, ರಾಶಿಗೆ ಹಣ್ಣೆಷ್ಟು? ಅಜ್ಞಾತಗಳು ಎರಡು, ಸಂಬಂಧ ಒಂದೇ. ಹಣ್ಣನ್ನು ತುಂಡರಿಸಬಹುದಾದರೆ ರಾಶಿಯಲ್ಲಿ ಎಷ್ಟಿದ್ದರೂ ಪಾಲು ಸರಿಹೋಗುತ್ತದೆ. ಇಡಿಹಣ್ಣೇ ಆಗಬೇಕೆಂದರೆ 5, 28, 51 ಹೀಗೆ 23ರ ಅಂತರದ ಸಂಖ್ಯೆಗಳು ಮಾತ್ರ ಸಲ್ಲುತ್ತವೆ. ರಾಶಿಯಲ್ಲಿ 20ಕ್ಕಿಂತ ಕಡಿಮೆಯೆಂಬ ಮಾತೊಂದು ಸೇರಿತೋ, ಉಳಿಯುವುದು 5 ಒಂದೇ. ತಲೆಗೆ 14 ಹಣ್ಣು.

ಸರಾಸರಿಯು ಮೊತ್ತವನ್ನು ಹೇಳಿ ಹಂಚಿಕೆಯನ್ನು ಮುಚ್ಚಿಡುತ್ತದೆ. ಬಾಳೆಹೊನ್ನೂರಿನ ಸುತ್ತಣ ಕಾಫಿತೋಟವೊಂದರಲ್ಲಿ ಮೂವರು ಹೆಣ್ಣಾಳುಗಳು ಸರಾಸರಿ 2 ಬುಟ್ಟಿಯಂತೆ ಹಣ್ಣು ಕೊಯ್ದರೆನ್ನೋಣ. ಅತಿ ಹೆಚ್ಚು ಕೊಯ್ದವಳದು ಎಷ್ಟು? ಮೊತ್ತ 6 ಎಂಬುದಷ್ಟೇ ತಿಳಿಯಿತು, ಸಾಲದು. ಯಾರೂ ಬರಿಗೈಯಲ್ಲಿ ಬರಲಿಲ್ಲ, ಯಾರಿಬ್ಬರದೂ ಸಮನಿಲ್ಲ ಎಂದರೂ ಸಾಲದು. ಒಂದೂವರೆ, ಎರಡು, ಎರಡೂವರೆ ಇದ್ದೀತು. ಎಲ್ಲವೂ ಇಡೀ ಬುಟ್ಟಿಗಳೆಂದ ಕೂಡಲೆ 1, 2, 3, ಅನ್ಯಮಾರ್ಗವಿಲ್ಲ. ಒಂದು ವಿಶೇಷಣವು ಲೆಕ್ಕವನ್ನೇ ಮುಗಿಸಿತು! ಗಣಿತದ ಮೇಷ್ಟರೂ ಕನ್ನಡ ಪಂಡಿತರೂ ಒಂದೇ ಬೆಂಚಿನಲ್ಲಿ ಕೂರಬೇಕಾದ ಸ್ಥಳವಿದು.

ಅನುಕ್ರಮವಾದ ಪೂರ್ಣಾಂಕಗಳ ಸರಾಸರಿ ಪೂರ್ಣಾಂಕವೇ ಎಂದು ಕೇಳಿದರೆ, ಅವು ಎಷ್ಟೆಂದು ತಿಳಿದರೆ ಸಾಕು, ಯಾವುವೆಂದು ಬೇಡ. 7 ಇದ್ದರೆ ಹೌದು, 6 ಇದ್ದರೆ ಅಲ್ಲ. ‘ಅಲ್ಲ’ ಎಂದು ಬಂದುದರಿಂದ ದತ್ತಾಂಶ ಸಾಲದೆಂದು ಬರೆದು ಅಂಕ ಕಳೆದುಕೊಳ್ಳುವವರುಂಟು. ನಿಷೇಧವೂ ನಿಶ್ಚಯವೇ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಬ್ಯಾಂಕುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಇಂಥ ಪ್ರಶ್ನೆಗಳನ್ನು ಸಂಗ್ರಹಿಸಿ ಶಾಲೆಗೆ ಕಳುಹಬಹುದು. ಉಪಾಧ್ಯಾಯರು ವಾರಕ್ಕೊಮ್ಮೆ ಬೇಕಾದ ಮಾತೊಂದನ್ನು ಬುದ್ಧಿಪೂರ್ವಕವಾಗಿ ಬಿಟ್ಟು ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆಯಲಿ. ಬಿಟ್ಟದ್ದೇನೆಂದು ಹೇಳಿದವನಿಗೆ, ಉತ್ತರ ಬರೆಯದಿದ್ದರೂ, ಪೂರ್ಣ ಅಂಕ ಸಲ್ಲಲಿ.